ಲೆಕ್ಕಪುಸ್ತಕ ನಮ್ಮದು, ಬೀಗದಕೈ ಯಾರದು? ಉದ್ಯಮಗಳಿಗೆ ಸ್ವತಂತ್ರ ತಂತ್ರಾಂಶ

2025ರ ಜುಲೈ ತಿಂಗಳ ಕೊನೆಯ ಭಾಗದಲ್ಲಿ ನಯಾರಾ ಎನರ್ಜಿ ಎಂಬ ತೈಲ ಕಂಪನಿಯ ಸಿಬ್ಬಂದಿಗೆ ತಮ್ಮದೇ ಕಚೇರಿಯ ಇ-ಮೇಲ್ ತೆರೆಯಲು ಸಾಧ್ಯವಾಗದಂಥ ಪರಿಸ್ಥಿತಿ ಒದಗಿತು. ಗುಜರಾತಿನ ವಾಡಿನಾರ್‌ನಲ್ಲಿ ವರ್ಷಕ್ಕೆ 2 ಕೋಟಿ ಟನ್ ಸಾಮರ್ಥ್ಯದ ತೈಲ ಶುದ್ಧೀಕರಣ ಘಟಕವನ್ನು ನಡೆಸುವ ಕಂಪನಿ ಇದು. ಅದರಲ್ಲಿ ರಷ್ಯಾದ ರಾಸ್‌ನೆಫ್ಟ್ ಸಂಸ್ಥೆಗೆ ಶೇ. 49.13ರಷ್ಟು ಪಾಲಿದೆ. ಈ ಕಾರಣಕ್ಕೆ ಜುಲೈ 18ರಂದು ಐರೋಪ್ಯ ಒಕ್ಕೂಟವು ಕಂಪನಿಯ ಮೇಲೆ ನಿರ್ಬಂಧ ವಿಧಿಸಿತು. ಅದಾದ ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ತನ್ನ ಸೇವೆಗಳನ್ನು ನಿಲ್ಲಿಸಿತು. ಪರವಾನಗಿಗೆ ಪೂರ್ಣ ಹಣ ಪಾವತಿಸಿದ್ದರೂ ತನ್ನದೇ ದತ್ತಾಂಶ ತನಗೆ ಸಿಗದಂತಾಗಿದೆ ಎಂದು ದೂರಿ ನಯಾರಾ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿತು. ತಿಂಗಳು ಮುಗಿಯುವುದರೊಳಗೆ ಸೇವೆ ಮರಳಿ ದೊರೆಯಿತು.

ನಿರ್ಬಂಧ ಹೇರಿದ್ದು ಐರೋಪ್ಯ ಒಕ್ಕೂಟ, ಸೇವೆ ನಿಲ್ಲಿಸಿದ್ದು ಅಮೆರಿಕದ ಕಂಪನಿ, ಕೆಲಸ ನಿಂತದ್ದು ಭಾರತದಲ್ಲಿ. ರಷ್ಯಾದ ತೈಲದ ಕುರಿತ ರಾಜಕೀಯ ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಅಪ್ರಸ್ತುತ. ಹಣ ಕೊಟ್ಟು ಕೊಂಡದ್ದು ತಮ್ಮದು ಎಂದು ಭಾವಿಸಿರುವ ಪ್ರತಿಯೊಬ್ಬ ಉದ್ಯಮಿಯೂ ಈ ಪ್ರಕರಣವನ್ನು ಒಮ್ಮೆ ಗಮನಿಸಬೇಕು. ಏಕೆಂದರೆ ತಂತ್ರಾಂಶದ ಪೆಟ್ಟಿಗೆಯ ಮೇಲೆ ಬರೆದಿರುವುದು ಮಾರಾಟದ ಕರಾರಲ್ಲ, ಬಳಕೆಯ ಅನುಮತಿ. ಅನುಮತಿ ಕೊಟ್ಟವರು ಅದನ್ನು ಹಿಂಪಡೆಯಬಹುದು, ಬದಲಾಯಿಸಬಹುದು, ಮುಂದಿನ ವರ್ಷ ಅದರ ಬೆಲೆ ಏರಿಸಬಹುದು. ಸಾವಿರ ಕೋಟಿಗಳಲ್ಲಿ ವಹಿವಾಟು ನಡೆಸುವ ಕಂಪನಿಗೆ ಹೈಕೋರ್ಟಿಗೆ ಹೋಗುವ ಶಕ್ತಿಯಿದೆ. ಪೀಣ್ಯದ ಒಂದು ಲೇತ್ ಕಾರ್ಖಾನೆಗೋ ಹುಬ್ಬಳ್ಳಿಯ ಸಗಟು ಔಷಧ ಮಳಿಗೆಗೋ ಆ ಶಕ್ತಿ ಎಲ್ಲಿಂದ ಬರಬೇಕು?

ಇದಕ್ಕೆ ಪರ್ಯಾಯವಾಗಿ ನಾಲ್ಕು ದಶಕಗಳಿಂದ ಬೆಳೆದುಬಂದಿರುವುದೇ ಸ್ವತಂತ್ರ ತಂತ್ರಾಂಶ.

ಬಿಟ್ಟಿಯಲ್ಲ, ಬಿಡುಗಡೆ

ಇಂಗ್ಲಿಷಿನಲ್ಲಿ ‘ಫ್ರೀ’ ಎಂಬ ಒಂದೇ ಪದಕ್ಕೆ ಬಿಟ್ಟಿ ಎಂಬ ಅರ್ಥವೂ ಸ್ವತಂತ್ರ ಎಂಬ ಅರ್ಥವೂ ಇರುವುದರಿಂದ ಆ ಭಾಷೆಯವರು ಈ ವಿಷಯದಲ್ಲಿ ಇಂದಿಗೂ ಗೊಂದಲಪಡುತ್ತಾರೆ. ಕನ್ನಡಕ್ಕೆ ಆ ತೊಡಕಿಲ್ಲ. ಉಚಿತ ಬೇರೆ, ಸ್ವತಂತ್ರ ಬೇರೆ. ಆದರೂ ನಮ್ಮ ಉದ್ಯಮಿಗಳಲ್ಲಿ ಅನೇಕರು ‘ಬಿಟ್ಟಿ ಸಿಗುವ ತಂತ್ರಾಂಶ ತಾನೇ’ ಎಂದು ಇದನ್ನು ಪಕ್ಕಕ್ಕೆ ಸರಿಸುವುದು ಸೋಜಿಗ.

ಅಮೆರಿಕದ ಎಂಐಟಿ ಸಂಸ್ಥೆಯಲ್ಲಿದ್ದ ರಿಚರ್ಡ್ ಸ್ಟಾಲ್ಮನ್ 1983ರ ಸೆಪ್ಟೆಂಬರ್‌ನಲ್ಲಿ ‘ಗ್ನು’ ಯೋಜನೆಯನ್ನು ಪ್ರಕಟಿಸಿದರು. 1985ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಷನ್ ಸ್ಥಾಪಿಸಿದರು. ಅವರ ಪ್ರಕಾರ ತಂತ್ರಾಂಶವೊಂದು ಸ್ವತಂತ್ರ ಎನಿಸಬೇಕಾದರೆ ಅದರ ಬಳಕೆದಾರನಿಗೆ ನಾಲ್ಕು ಸ್ವಾತಂತ್ರ್ಯಗಳಿರಬೇಕು: ಯಾವ ಉದ್ದೇಶಕ್ಕೆ ಬೇಕಾದರೂ ಅದನ್ನು ನಡೆಸುವುದು, ಅದು ಹೇಗೆ ಕೆಲಸ ಮಾಡುತ್ತದೆ ಎಂದು ಅಧ್ಯಯನ ಮಾಡಿ ಬದಲಾಯಿಸುವುದು, ಪ್ರತಿಗಳನ್ನು ಹಂಚುವುದು, ತಾನು ಬದಲಾಯಿಸಿದ ರೂಪವನ್ನೂ ಹಂಚುವುದು. ಇದಕ್ಕಾಗಿ ತಂತ್ರಾಂಶದ ಮೂಲ ಸಂಕೇತ, ಅಂದರೆ ತಂತ್ರಜ್ಞರು ಸೋರ್ಸ್ ಕೋಡ್ ಎನ್ನುವ ಬರಹ, ಎಲ್ಲರಿಗೂ ತೆರೆದಿರಬೇಕು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಬರೆದ ಲಿನಕ್ಸ್ ತಿರುಳು ಗ್ನು ಯೋಜನೆಯ ಉಪಕರಣಗಳೊಂದಿಗೆ ಸೇರಿ ಪೂರ್ಣಪ್ರಮಾಣದ ಕಾರ್ಯಾಚರಣ ವ್ಯವಸ್ಥೆಯಾಯಿತು. ಇದೇ ಬಗೆಯ ತಂತ್ರಾಂಶಕ್ಕೆ ಉದ್ಯಮ ವಲಯ 1998ರಿಂದ ‘ಓಪನ್ ಸೋರ್ಸ್’ ಎಂಬ ಹೆಸರನ್ನು ಹೆಚ್ಚು ಬಳಸತೊಡಗಿತು. ಎರಡು ಹೆಸರುಗಳ ಹಿಂದಿನ ತಾತ್ವಿಕ ಜಗಳ ದೊಡ್ಡದು. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರಿಗೆ ಅದರ ಅಗತ್ಯ ಅಷ್ಟಾಗಿ ಇಲ್ಲ.

ಇಲ್ಲಿ ಎಲ್ಲಿಯೂ ಹಣದ ಮಾತಿಲ್ಲ ಎಂಬುದನ್ನು ಗಮನಿಸಬೇಕು. ಸ್ವತಂತ್ರ ತಂತ್ರಾಂಶವನ್ನು ಮಾರಬಹುದು, ಅದರ ನಿರ್ವಹಣೆಗೆ ಶುಲ್ಕ ಪಡೆಯಬಹುದು. ರೆಡ್ ಹ್ಯಾಟ್ ಕಂಪನಿ ಇದೇ ಮಾದರಿಯಲ್ಲಿ ಬೆಳೆದು 2019ರಲ್ಲಿ 3,400 ಕೋಟಿ ಡಾಲರಿಗೆ ಐಬಿಎಂ ತೆಕ್ಕೆ ಸೇರಿತು. ಇದಕ್ಕೆ ತದ್ವಿರುದ್ಧವಾಗಿ, ಹಣ ಕೇಳದೆ ಸಿಗುವ ಎಷ್ಟೋ ತಂತ್ರಾಂಶಗಳು ಸ್ವತಂತ್ರವಲ್ಲ. ದೇಶೀಯ ಎಂಬುದೂ ಸ್ವತಂತ್ರ ಎಂಬುದಕ್ಕೆ ಸಮಾನಾರ್ಥಕವಲ್ಲ. ನಮ್ಮ ಬೆಂಗಳೂರಿನದೇ ಆದ ಟ್ಯಾಲಿ, ತಮಿಳುನಾಡಿನಿಂದ ಬೆಳೆದ ಜೋಹೋ, ಎರಡೂ ಭಾರತೀಯರ ಜಾಣ್ಮೆಗೆ ಸಾಕ್ಷಿಯಾದ ಒಳ್ಳೆಯ ಉತ್ಪನ್ನಗಳೇ. ಆದರೆ ಅವುಗಳ ಮೂಲ ಸಂಕೇತ ಕಂಪನಿಗಳ ಸ್ವಾಮ್ಯದಲ್ಲಿದೆ.

ಗಿಟಾರ್ ತಂತಿ ಕಾರ್ಖಾನೆಯ ಪ್ರಕರಣ

ಖಾಸಗಿ ಸ್ವಾಮ್ಯದ ತಂತ್ರಾಂಶದಿಂದ ಒಂದು ಸಾಧಾರಣ ಗಾತ್ರದ ಕಾರ್ಖಾನೆ ಹೊರಬಂದ ಕಥೆಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಕ್ಯಾಲಿಫೋರ್ನಿಯಾದ ಅರ್ನಿ ಬಾಲ್ ಕಂಪನಿಯದು. ಗಿಟಾರ್ ತಂತಿಗಳಿಗೆ ಜಗತ್ತಿನಾದ್ಯಂತ ಹೆಸರಾದ ಈ ಕಂಪನಿಯ ಮೇಲೆ 2000ದಲ್ಲಿ ಬಿಸಿನೆಸ್ ಸಾಫ್ಟ್‌ವೇರ್ ಅಲಯನ್ಸ್ ಎಂಬ ತಂತ್ರಾಂಶ ತಯಾರಕರ ಒಕ್ಕೂಟದ ದೂರಿನನ್ವಯ ದಾಳಿ ನಡೆಯಿತು. ಪರವಾನಗಿ ಇಲ್ಲದ ಕೆಲವು ಡಜನ್ ಪ್ರತಿಗಳು ಪತ್ತೆಯಾದವು.

ಅವು ಅಲ್ಲಿಗೆ ಬಂದ ಬಗೆ ನಮ್ಮ ಕಚೇರಿಗಳಿಗೂ ಚಿರಪರಿಚಿತ. ವಿನ್ಯಾಸ ವಿಭಾಗದವರಿಗೆ ಹೊಸ ಗಣಕಯಂತ್ರ ಬಂದಾಗ ಹಳೆಯದನ್ನು ಗುಮಾಸ್ತರ ಮೇಜಿಗೆ ದಾಟಿಸುತ್ತಿದ್ದರು. ಒಳಗಿದ್ದ ತಂತ್ರಾಂಶವನ್ನು ಅಳಿಸುತ್ತಿರಲಿಲ್ಲ. ಗುಮಾಸ್ತರು ಅದನ್ನು ಒಮ್ಮೆಯೂ ತೆರೆಯದಿದ್ದರೂ ಕಾನೂನಿನ ದೃಷ್ಟಿಯಲ್ಲಿ ಅದು ಉಲ್ಲಂಘನೆಯೇ. ಕಂಪನಿಯ ಮುಖ್ಯಸ್ಥ ಸ್ಟರ್ಲಿಂಗ್ ಬಾಲ್ 65,000 ಡಾಲರ್ ತೆತ್ತು ರಾಜಿ ಮಾಡಿಕೊಂಡರು. ವಕೀಲರ ವೆಚ್ಚ ಮತ್ತೆ 35,000 ಡಾಲರ್. ಹಣಕ್ಕಿಂತ ಅವರನ್ನು ಕೆರಳಿಸಿದ್ದು ಬೇರೆ ಸಂಗತಿ. ಇತರ ಉದ್ಯಮಗಳನ್ನು ಹೆದರಿಸಲು ಒಕ್ಕೂಟವು ತನ್ನ ಜಾಹೀರಾತುಗಳಲ್ಲಿ ಇವರ ಕಂಪನಿಯ ಹೆಸರನ್ನೇ ಬಳಸಿಕೊಂಡಿತು.

ಆರು ತಿಂಗಳೊಳಗೆ ಮೈಕ್ರೋಸಾಫ್ಟ್ ಉತ್ಪನ್ನಗಳು ಕಾರ್ಖಾನೆಯಿಂದ ಹೊರಹೋಗಬೇಕು ಎಂದು ಬಾಲ್ ಅಪ್ಪಣೆ ಮಾಡಿದರು. ಲಿನಕ್ಸ್, ಓಪನ್ ಆಫೀಸ್, ಮೊಜಿಲ್ಲಾ ಆ ಸ್ಥಾನ ತುಂಬಿದವು. ಬದಲಾವಣೆಯಿಂದ ತಕ್ಷಣಕ್ಕೆ 80,000 ಡಾಲರ್ ಉಳಿತಾಯವಾಯಿತೆಂದು 2003ರ ಸಂದರ್ಶನವೊಂದರಲ್ಲಿ ಅವರು ಹೇಳಿಕೊಂಡಿದ್ದರು. ಸಿಟ್ಟಿನಿಂದ ಕೈಗೊಂಡ ತೀರ್ಮಾನ ಲಾಭಕ್ಕೆ ತಿರುಗಿದ್ದು ಅಪರೂಪದ ಸಂಗತಿ. ಹಾಗೆಂದು ಎಲ್ಲರೂ ಆರು ತಿಂಗಳ ಗಡುವು ಹಾಕಿಕೊಳ್ಳುವುದು ಜಾಣತನವಲ್ಲ. ಆ ವಿಷಯಕ್ಕೆ ಮುಂದೆ ಬರೋಣ.

ಅಮೆರಿಕದ ಕಥೆ ನಮಗೇಕೆ ಎನ್ನುವವರು ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ವಿಧಿಯನ್ನು ಓದಬೇಕು. ಅಕ್ರಮ ಪ್ರತಿ ಎಂದು ತಿಳಿದೂ ಗಣಕಯಂತ್ರದಲ್ಲಿ ಅಂಥ ತಂತ್ರಾಂಶ ಬಳಸಿದವರಿಗೆ ಕನಿಷ್ಠ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ, 50,000 ರೂಪಾಯಿಯಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅಲ್ಲಿ ಅವಕಾಶವಿದೆ. ಲಾಭಕ್ಕಾಗಿ ಅಥವಾ ವ್ಯಾಪಾರದಲ್ಲಿ ಬಳಸಿರದಿದ್ದರೆ ನ್ಯಾಯಾಲಯ ಸೆರೆವಾಸವನ್ನು ಕೈಬಿಡಬಹುದು. ಅಂಗಡಿ, ಕಾರ್ಖಾನೆಗಳಿಗೆ ಆ ವಿನಾಯಿತಿ ದೊರೆಯುವುದು ಕಷ್ಟ. ‘ಎಲ್ಲರೂ ಕ್ರ್ಯಾಕ್ ಮಾಡಿದ್ದನ್ನೇ ಹಾಕಿಕೊಂಡಿದ್ದಾರೆ’ ಎಂಬ ಸಮಾಧಾನದ ಮಾತು ನ್ಯಾಯಾಲಯದಲ್ಲಿ ನಡೆಯದು. ಅಂಥ ಅಕ್ರಮ ಪ್ರತಿಗಳ ಜೊತೆ ವೈರಸ್‌ಗಳು ಒಳನುಗ್ಗುವ ಅಪಾಯವಂತೂ ಇದ್ದೇ ಇದೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಸಣ್ಣ ಉದ್ಯಮಗಳಲ್ಲಿ ಸ್ವತಂತ್ರ ತಂತ್ರಾಂಶಕ್ಕೆ ನಿಜವಾದ ಪ್ರತಿಸ್ಪರ್ಧಿ ದುಬಾರಿ ತಂತ್ರಾಂಶವಲ್ಲ. ಈ ಕದ್ದ ಪ್ರತಿಯೇ. ಕದ್ದದ್ದು ಬಿಟ್ಟಿ ಸಿಗುವಾಗ ಸ್ವಾತಂತ್ರ್ಯದ ಬೆಲೆ ಯಾರಿಗೂ ತಿಳಿಯುವುದಿಲ್ಲ.

ಮುದ್ರಣಾಲಯಗಳು ಕಂಡ ಕಷ್ಟ

ಬೀಗ ಬೀಳುವುದೆಂದರೆ ಏನೆಂದು ಕನ್ನಡಿಗರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ರಾಜ್ಯದ ಮುದ್ರಣಾಲಯಗಳು, ಡಿಟಿಪಿ ಕೇಂದ್ರಗಳು ದಶಕಗಳ ಕಾಲ ಕನ್ನಡ ಪುಟಗಳನ್ನು ಸಿದ್ಧಪಡಿಸಿದ್ದು ಅಡೋಬಿ ಕಂಪನಿಯ ಪೇಜ್‌ಮೇಕರ್‌ನಲ್ಲಿ. 2001ರಲ್ಲಿ ಹೊರಬಂದ ಅದರ 7ನೆಯ ಆವೃತ್ತಿಯೇ ಕೊನೆಯದು. ಬಳಿಕ ಕಂಪನಿ ತನ್ನ ಗಮನವನ್ನೆಲ್ಲ ಇನ್‌ಡಿಸೈನ್ ಕಡೆಗೆ ತಿರುಗಿಸಿತು. ಸಾವಿರಾರು ಪುಸ್ತಕಗಳ ಕಡತಗಳು ಪೇಜ್‌ಮೇಕರ್ ರೂಪದಲ್ಲೇ ಉಳಿದವು. ಅವನ್ನು ತೆರೆಯುವುದಕ್ಕೆಂದೇ ಹಳೆಯ ವಿಂಡೋಸ್ ಇರುವ ಒಂದು ಗಣಕಯಂತ್ರವನ್ನು ಮೂಲೆಯಲ್ಲಿ ಜೋಪಾನ ಮಾಡಿಕೊಂಡ ಮುದ್ರಣಾಲಯಗಳು ಎಷ್ಟೋ.

ಇದರ ಮೇಲೆ ಅಕ್ಷರಗಳ ಸಮಸ್ಯೆ. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ, ಶ್ರೀಲಿಪಿ ಮುಂತಾದವು ತಂತಮ್ಮದೇ ಸಂಕೇತ ವಿನ್ಯಾಸವನ್ನು ಅನುಸರಿಸುತ್ತಿದ್ದವು. ಆಯಾ ಅಕ್ಷರಶೈಲಿ ಇಲ್ಲದ ಗಣಕಯಂತ್ರದಲ್ಲಿ ಕಡತ ತೆರೆದರೆ ಕಾಣುತ್ತಿದ್ದುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ನುಡಿಯನ್ನು ಹಣವಿಲ್ಲದೆಯೇ ಪಡೆಯಬಹುದಿತ್ತು. ಆದರೂ ಕಡತ ಅದರ ಅಕ್ಷರಶೈಲಿಗೆ ಅಂಟಿಕೊಂಡಿತ್ತು. ಉಚಿತ ಮತ್ತು ಸ್ವತಂತ್ರ ಇವುಗಳ ನಡುವಿನ ಅಂತರಕ್ಕೆ ಇದಕ್ಕಿಂತ ಮನೆಯಂಗಳದ ಉದಾಹರಣೆ ಬೇಕಿಲ್ಲ.

ಆ ಗೋಜಲಿನಿಂದ ನಮ್ಮನ್ನು ಪಾರುಮಾಡಿದ್ದು ಎಲ್ಲರಿಗೂ ತೆರೆದ ಯೂನಿಕೋಡ್ ಶಿಷ್ಟತೆ. ಒತ್ತಕ್ಷರ, ಕಾಗುಣಿತಗಳನ್ನು ಪರದೆಯ ಮೇಲೆ ಸರಿಯಾಗಿ ಜೋಡಿಸುವ ಹಾರ್ಫ್‌ಬಜ್ ಎಂಬ ತಂತ್ರಾಂಶ ಸ್ವತಂತ್ರವಾದದ್ದು. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆ ಆಫೀಸ್, ಆಂಡ್ರಾಯ್ಡ್ ಎಲ್ಲವೂ ಅದನ್ನೇ ಬಳಸುತ್ತವೆ. ಮೊಬೈಲ್‌ನಲ್ಲಿ ಕನ್ನಡ ಓದುವ ಬಹುಮಂದಿ ತಮಗೆ ಅರಿವಿಲ್ಲದೆಯೇ ಸ್ವತಂತ್ರ ತಂತ್ರಾಂಶದ ಬಳಕೆದಾರರು. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ನುಡಿ ಬಳಸಿದವರಿಗೆಲ್ಲ ಕೈಬೆರಳಿಗೆ ಬಂದಿರುವ ಕೀಲಿಮಣೆ ವಿನ್ಯಾಸವೂ ಲಿನಕ್ಸ್‌ನಲ್ಲಿ ಲಭ್ಯ. ಹಾಗಾಗಿ ‘ಲಿನಕ್ಸ್‌ನಲ್ಲಿ ಕನ್ನಡ ಬರೆಯಲಾಗದು’ ಎಂಬ ಹಳೆಯ ದೂರಿಗೆ ಈಗ ಆಧಾರವಿಲ್ಲ.

ಬೆಂಗಳೂರಿನ ಒಂದು ಉದಾಹರಣೆ

ಷೇರು ದಲ್ಲಾಳಿ ಸಂಸ್ಥೆ ಜೆರೋಧಾ 2010ರಲ್ಲಿ ಬೆಂಗಳೂರಿನಲ್ಲಿ ಆರಂಭವಾದದ್ದು. ಹೊರಗಿನ ಬಂಡವಾಳ ಪಡೆಯದೆ ದೇಶದ ಅತಿ ದೊಡ್ಡ ದಲ್ಲಾಳಿ ಸಂಸ್ಥೆಗಳ ಸಾಲಿಗೆ ಸೇರಿದ ಈ ಕಂಪನಿ ತನ್ನ ತಾಂತ್ರಿಕ ವ್ಯವಸ್ಥೆಯ ತಳಹದಿ ಸ್ವತಂತ್ರ ತಂತ್ರಾಂಶವೇ ಎಂದು ಬಹಿರಂಗವಾಗಿ ಹೇಳುತ್ತ ಬಂದಿದೆ. ಲಿನಕ್ಸ್, ಪೋಸ್ಟ್‌ಗ್ರೆಸ್ ದತ್ತಸಂಚಯ, ಗೋ ಭಾಷೆ ಇವೆಲ್ಲ ಅದರ ಕಟ್ಟಡದ ಇಟ್ಟಿಗೆಗಳು. ಬೆಳಿಗ್ಗೆ 9.15ಕ್ಕೆ ಮಾರುಕಟ್ಟೆ ತೆರೆದೊಡನೆ ನುಗ್ಗುವ ಲಕ್ಷಾಂತರ ಗ್ರಾಹಕರ ಆದೇಶಗಳನ್ನು ಹೊರುವುದು ಇವೇ. ಕಂಪನಿಯ ತಂತ್ರಜ್ಞಾನ ಮುಖ್ಯಸ್ಥ ಕೈಲಾಶ್ ನಾಧ್ ರೂಪಿಸಿದ, ಸಾಮೂಹಿಕ ಇ-ಮೇಲ್ ಕಳುಹಿಸುವ ‘ಲಿಸ್ಟ್‌ಮಂಕ್’ ತಂತ್ರಾಂಶವನ್ನು ಇಂದು ಯಾರು ಬೇಕಾದರೂ ತಮ್ಮ ಸರ್ವರ್‌ನಲ್ಲಿ ಸ್ಥಾಪಿಸಿಕೊಳ್ಳಬಹುದು. 2024ರ ಅಕ್ಟೋಬರ್‌ನಲ್ಲಿ ಜೆರೋಧಾ ಜಗತ್ತಿನ ಸ್ವತಂತ್ರ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ನೆರವು ನೀಡುವ ನಿಧಿಯೊಂದನ್ನು ಪ್ರಕಟಿಸಿತು.

ಇದು ದಾನವೆಂದು ಭಾವಿಸಬೇಕಿಲ್ಲ. ತಾನು ಕುಳಿತ ಕೊಂಬೆಗೆ ನೀರೆರೆಯುವ ವ್ಯಾವಹಾರಿಕ ಬುದ್ಧಿ ಇದು. 2014ರಲ್ಲಿ ಓಪನ್ ಎಸ್‌ಎಸ್‌ಎಲ್‌ನಲ್ಲಿ ‘ಹಾರ್ಟ್‌ಬ್ಲೀಡ್’ ದೋಷ ಬೆಳಕಿಗೆ ಬಂದಾಗ, ಅಂತರ್ಜಾಲದ ಬಹುಭಾಗ ನಂಬಿಕೊಂಡಿದ್ದ ಆ ತಂತ್ರಾಂಶವನ್ನು ಬೆರಳೆಣಿಕೆಯ ಜನ ಅಲ್ಪ ದೇಣಿಗೆಯಲ್ಲಿ ನಡೆಸುತ್ತಿದ್ದರೆಂಬುದು ಜಗತ್ತಿಗೆ ತಿಳಿದು ಬೆಚ್ಚಿಬಿದ್ದಿತ್ತು.

ಜೆರೋಧಾದಲ್ಲಿ ನುರಿತ ತಂತ್ರಜ್ಞರ ತಂಡವಿದೆ, ನಮ್ಮಲ್ಲಿ ಒಬ್ಬ ಹುಡುಗನೂ ಇಲ್ಲವಲ್ಲ ಎಂದು ಸಣ್ಣ ಉದ್ಯಮಿ ಕೇಳುವುದು ಸಹಜ. ಅಂಥವರು ಗಮನಿಸಬೇಕಾದದ್ದು ಮುಂಬೈನ ಫ್ರಾಪೆ ಕಂಪನಿ ರೂಪಿಸಿರುವ ಇಆರ್‌ಪಿನೆಕ್ಸ್ಟ್. ಲೆಕ್ಕಪತ್ರ, ದಾಸ್ತಾನು, ಖರೀದಿ, ಮಾರಾಟ, ಉತ್ಪಾದನೆ ಇವೆಲ್ಲವನ್ನೂ ಒಂದೆಡೆ ನಿರ್ವಹಿಸುವ ಈ ತಂತ್ರಾಂಶ ಜಿಪಿಎಲ್ ಪರವಾನಗಿಯಲ್ಲಿದೆ. ಜಿಎಸ್‌ಟಿ, ಇ-ಇನ್‌ವಾಯ್ಸ್, ಇ-ವೇ ಬಿಲ್‌ಗಳಿಗಾಗಿ ಪ್ರತ್ಯೇಕವಾದ ‘ಇಂಡಿಯಾ ಕಂಪ್ಲಯನ್ಸ್’ ಎಂಬ ಸ್ವತಂತ್ರ ಜೋಡಣೆಯೂ ಇದೆ. ಇದು ಸಣ್ಣ ವಿಷಯವಲ್ಲ. 2023ರ ಆಗಸ್ಟ್ 1ರಿಂದ ವಾರ್ಷಿಕ 5 ಕೋಟಿ ರೂಪಾಯಿ ಮೀರಿದ ವಹಿವಾಟಿನ ಉದ್ಯಮಗಳಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ಅದೇ ವರ್ಷದ ಏಪ್ರಿಲ್ 1ರಿಂದ, ಲೆಕ್ಕ ಬರೆಯಲು ತಂತ್ರಾಂಶ ಬಳಸುವ ಪ್ರತಿ ಕಂಪನಿಯೂ ನಮೂದುಗಳ ತಿದ್ದುಪಡಿಯ ಜಾಡನ್ನು ಅಳಿಸಲಾಗದಂತೆ ಉಳಿಸುವ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮ ಜಾರಿಗೆ ಬಂದಿತು. ಕಾನೂನು ಹೀಗೆ ಪದೇ ಪದೇ ಬದಲಾಗುವ ದೇಶದಲ್ಲಿ ತಂತ್ರಾಂಶವನ್ನು ತಿದ್ದಬಲ್ಲವರು ಒಬ್ಬರೇ ಇರುವುದಕ್ಕಿಂತ ಹತ್ತು ಮಂದಿ ಇರುವುದು ಕ್ಷೇಮ. ಇಆರ್‌ಪಿನೆಕ್ಸ್ಟ್ ಅಳವಡಿಸಿಕೊಡುವವರ ಕೆಲಸ ಸರಿಬರದಿದ್ದರೆ ಬೇರೊಬ್ಬರನ್ನು ಕರೆಸಬಹುದು; ಮೂಲ ಸಂಕೇತವೂ ದತ್ತಸಂಚಯವೂ ನಿಮ್ಮ ಬಳಿಯೇ ಇರುತ್ತವೆ.

ಹೆಸರು ನೋಡಿ ಮೋಸಹೋಗದಿರಲು ಒಂದು ಎಚ್ಚರಿಕೆ ಅಗತ್ಯ. ಬೆಲ್ಜಿಯಂ ಮೂಲದ ಓಡೂ ತಂತ್ರಾಂಶದ ‘ಕಮ್ಯುನಿಟಿ’ ಆವೃತ್ತಿ ಸ್ವತಂತ್ರ, ‘ಎಂಟರ್‌ಪ್ರೈಸ್’ ಆವೃತ್ತಿ ಅಲ್ಲ. ಮಾರಾಟಗಾರರು ಯಾವುದನ್ನು ತೋರಿಸುತ್ತಿದ್ದಾರೆ ಎಂಬುದನ್ನು ಮೊದಲೇ ಕೇಳಿ ತಿಳಿಯಬೇಕು.

ಮ್ಯೂನಿಕ್ ಹಿಂದೆ ಸರಿದದ್ದೇಕೆ?

ಸ್ವತಂತ್ರ ತಂತ್ರಾಂಶವನ್ನು ಒಲ್ಲೆನೆನ್ನುವವರು ತಪ್ಪದೆ ಎತ್ತುವ ಹೆಸರು ಜರ್ಮನಿಯ ಮ್ಯೂನಿಕ್ ನಗರಾಡಳಿತದ್ದು. ಅದು ಉದ್ಯಮವಲ್ಲದಿದ್ದರೂ ಅದರ ಅನುಭವವನ್ನು ಅಲ್ಲಗಳೆಯುವಂತಿಲ್ಲ. 2003ರಲ್ಲಿ ತೀರ್ಮಾನ ಕೈಗೊಂಡ ಆ ನಗರ ಹತ್ತು ವರ್ಷಗಳಲ್ಲಿ ಸುಮಾರು 15,000 ಗಣಕಯಂತ್ರಗಳನ್ನು ‘ಲಿಮಕ್ಸ್’ ಎಂಬ ತನ್ನದೇ ಲಿನಕ್ಸ್ ರೂಪಕ್ಕೆ ಬದಲಾಯಿಸಿತು. ಒಂದು ಕೋಟಿ ಯೂರೋಗೂ ಹೆಚ್ಚು ಉಳಿತಾಯವಾಯಿತೆಂದು ಹೇಳಿಕೊಂಡಿತು. ಆದರೆ 2017ರಲ್ಲಿ ಮರಳಿ ವಿಂಡೋಸ್‌ಗೆ ಹೋಗಲು ನಗರಸಭೆ ಮತ ಹಾಕಿತು. ಹೊರಗಿನ ಕಚೇರಿಗಳಿಂದ ಬರುವ ಕಡತಗಳು ಸರಿಯಾಗಿ ತೆರೆಯುವುದಿಲ್ಲ, ಸಿಬ್ಬಂದಿಗೆ ತೊಂದರೆಯಾಗುತ್ತಿದೆ ಎಂಬ ದೂರುಗಳಿದ್ದವು. ಹೊಸ ಮೇಯರ್‌ಗೆ ಈ ಯೋಜನೆಯಲ್ಲಿ ಒಲವಿರಲಿಲ್ಲ. ಮೈಕ್ರೋಸಾಫ್ಟ್ ತನ್ನ ಜರ್ಮನ್ ಕೇಂದ್ರ ಕಚೇರಿಯನ್ನು 2016ರಲ್ಲಿ ನಗರದೊಳಕ್ಕೆ ತಂದದ್ದೂ ಚರ್ಚೆಗೆ ಗ್ರಾಸವಾಗಿತ್ತು.

ಇದೇ ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ಬೇರೆ ಕ್ರಮ ಅನುಸರಿಸಿತು. ಅದು ಮೊದಲು ಕೈಹಾಕಿದ್ದು ಕಾರ್ಯಾಚರಣ ವ್ಯವಸ್ಥೆಗಲ್ಲ. ಲಿಬ್ರೆ ಆಫೀಸ್ ಮತ್ತು ಅದರ ತೆರೆದ ಕಡತರೂಪ ಮೊದಲು ಬಂದವು, ಬಳಿಕ ಇ-ಮೇಲ್. 2025ರ ಅಕ್ಟೋಬರ್ ವೇಳೆಗೆ 40,000ಕ್ಕೂ ಹೆಚ್ಚು ಅಂಚೆಪೆಟ್ಟಿಗೆಗಳು ಮೈಕ್ರೋಸಾಫ್ಟ್ ವ್ಯವಸ್ಥೆಯಿಂದ ಓಪನ್ ಎಕ್ಸ್‌ಚೇಂಜ್ ಹಾಗೂ ಥಂಡರ್‌ಬರ್ಡ್‌ಗೆ ಸ್ಥಳಾಂತರಗೊಂಡಿದ್ದವು. ವಿಂಡೋಸ್ ಬದಲಾವಣೆಯನ್ನು ಕೊನೆಗೆ ಇಟ್ಟುಕೊಂಡಿತು. ಎರಡೂ ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ಕಡತದ ರೂಪದಿಂದ ಆರಂಭಿಸಿ ಗಣಕಯಂತ್ರದ ಕಡೆಗೆ ಸಾಗುವುದೇ ಸುಗಮ ದಾರಿ ಎಂದು ಈ ವರದಿಗಾರನಿಗೆ ತೋರುತ್ತದೆ.

ಉದ್ಯಮಿಗಳ ಮತ್ತೊಂದು ಭಯ ಪರವಾನಗಿಯದು. ಜಿಪಿಎಲ್ ತಂತ್ರಾಂಶ ಬಳಸಿದರೆ ನಮ್ಮ ವ್ಯಾಪಾರದ ಗುಟ್ಟನ್ನೆಲ್ಲ ಬಹಿರಂಗಪಡಿಸಬೇಕೇ? ಖಂಡಿತ ಇಲ್ಲ. ನಿಮ್ಮ ಕಡತ, ಲೆಕ್ಕ, ಗ್ರಾಹಕರ ವಿವರ ಇವುಗಳಿಗೂ ಪರವಾನಗಿಗೂ ಸಂಬಂಧವೇ ಇಲ್ಲ. ತಂತ್ರಾಂಶವನ್ನು ನಿಮಗೆ ಬೇಕಾದಂತೆ ತಿದ್ದಿ ಕಂಪನಿಯೊಳಗೇ ಬಳಸಿದರೂ ಅದನ್ನು ಪ್ರಕಟಿಸುವ ಹೊಣೆ ಬರುವುದಿಲ್ಲ. ತಿದ್ದಿದ್ದನ್ನು ಹೊರಗಿನವರಿಗೆ ಹಂಚಿದಾಗ ಮಾತ್ರ ಮೂಲ ಸಂಕೇತವನ್ನೂ ಕೊಡಬೇಕಾಗುತ್ತದೆ. ಎಜಿಪಿಎಲ್ ಎಂಬ ಇನ್ನೊಂದು ಪರವಾನಗಿಯಲ್ಲಿ, ತಿದ್ದಿದ ತಂತ್ರಾಂಶವನ್ನು ಜಾಲದ ಮೂಲಕ ಬಳಸುವವರಿಗೂ ಮೂಲ ಸಂಕೇತ ದೊರೆಯಬೇಕು. ಅಂಥದ್ದನ್ನು ತಿದ್ದಿ ಗ್ರಾಹಕರಿಗೆ ಸೇವೆ ಒದಗಿಸುವವರು ಇದನ್ನು ಗಮನದಲ್ಲಿಡಬೇಕು.

ಸ್ವತಂತ್ರ ತಂತ್ರಾಂಶದ ಒಡೆಯರು ಮನಸ್ಸು ಬದಲಾಯಿಸಿದರೆ ಎಂಬ ಪ್ರಶ್ನೆ ಇನ್ನೂ ಗಂಭೀರವಾದದ್ದು. ಅದು ನಡೆದೂ ಇದೆ. 2010ರಲ್ಲಿ ಸನ್ ಕಂಪನಿಯನ್ನು ಒರಾಕಲ್ ಕೊಂಡಾಗ ಓಪನ್ ಆಫೀಸ್ ಭವಿಷ್ಯ ಡೋಲಾಯಮಾನವಾಯಿತು. ಸೆಂಟ್ ಓಎಸ್ 8ರ ಬೆಂಬಲವನ್ನು ಅವಧಿಗೆ ಮುನ್ನವೇ 2021ರ ಕೊನೆಗೆ ನಿಲ್ಲಿಸುವುದಾಗಿ ರೆಡ್ ಹ್ಯಾಟ್ 2020ರ ಡಿಸೆಂಬರ್‌ನಲ್ಲಿ ಹೇಳಿದಾಗ ಸರ್ವರ್ ನಿರ್ವಾಹಕರು ಕಂಗಾಲಾದರು. 2024ರ ಮಾರ್ಚ್‌ನಲ್ಲಿ ರೆಡಿಸ್ ತನ್ನ ಪರವಾನಗಿಯನ್ನು ಬಿಗಿಗೊಳಿಸಿತು. ಪ್ರತಿ ಬಾರಿಯೂ ಆದದ್ದೇನು? ಸ್ವತಂತ್ರವಾಗಿದ್ದ ಮೂಲ ಸಂಕೇತವನ್ನು ಕೈಗೆತ್ತಿಕೊಂಡು ಬೇರೆಯವರು ಮುಂದುವರಿಸಿದರು. ಓಪನ್ ಆಫೀಸ್‌ನಿಂದ ಲಿಬ್ರೆ ಆಫೀಸ್ ಹುಟ್ಟಿತು. ಸೆಂಟ್ ಓಎಸ್ ಜಾಗದಲ್ಲಿ ಅಲ್ಮಾ ಲಿನಕ್ಸ್, ರಾಕಿ ಲಿನಕ್ಸ್ ಬಂದವು. ರೆಡಿಸ್‌ನಿಂದ ವ್ಯಾಲ್ಕಿ ಕವಲೊಡೆಯಿತು. ಮರುವರ್ಷ ರೆಡಿಸ್ ತಾನೇ ಎಜಿಪಿಎಲ್ ಪರವಾನಗಿಯ ಆಯ್ಕೆಯನ್ನು ನೀಡಿತು. ಪೇಜ್‌ಮೇಕರ್ ನಿಂತಾಗ ಹಾಗೆ ಮುಂದುವರಿಸಲು ಯಾರಿಗೂ ಅಧಿಕಾರವಿರಲಿಲ್ಲ.

ಎಲ್ಲಿಂದ ಆರಂಭಿಸಬೇಕು?

ಎಲ್ಲ ಕಸುಬಿಗೂ ಇದು ಇಂದೇ ಒಗ್ಗುತ್ತದೆ ಎನ್ನಲಾಗದು. ಗ್ರಾಹಕರು ಕಳುಹಿಸುವ ಸಾಲಿಡ್‌ವರ್ಕ್ಸ್ ನಕ್ಷೆಯಂತೆ ಬಿಡಿಭಾಗ ತಯಾರಿಸುವ ಕಾರ್ಖಾನೆಗೆ ಆ ಕಡತರೂಪದಿಂದ ತಪ್ಪಿಸಿಕೊಳ್ಳುವುದು ಕಷ್ಟ. ಫ್ರೀಕ್ಯಾಡ್ 2024ರ ನವೆಂಬರ್‌ನಲ್ಲಷ್ಟೇ ತನ್ನ 1.0 ಆವೃತ್ತಿಯನ್ನು ತಲುಪಿತು. ಸ್ವಂತ ವಿನ್ಯಾಸಕ್ಕೆ ಅದು ಸಾಕಾದೀತು, ಪರರ ಕಡತಕ್ಕೆ ಅಲ್ಲ. ಲೆಕ್ಕ ಪರಿಶೋಧಕರು ಟ್ಯಾಲಿ ಕಡತವನ್ನೇ ಕೇಳುವ ವಾಡಿಕೆಯೂ ಇದೆ. ತಂತ್ರಾಂಶ ಬದಲಿಸುವ ಮೊದಲು ಅವರೊಡನೆ ಮಾತನಾಡಿ, ಎಕ್ಸೆಲ್ ಅಥವಾ ಸಿಎಸ್‌ವಿ ರೂಪದ ತಖ್ತೆಗಳು ಸಾಕೇ ಎಂದು ಕೇಳಿಕೊಳ್ಳುವುದು ಒಳಿತು. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಲಿನಕ್ಸ್‌ನಲ್ಲಿ ಕೆಲಸ ಮಾಡುತ್ತದೆಯೇ ಎಂಬುದನ್ನು ಕೊಳ್ಳುವ ಮುನ್ನವೇ ವಿಚಾರಿಸಬೇಕು. ಇಲ್ಲದಿದ್ದರೆ ಆ ಒಂದು ಕೆಲಸಕ್ಕೆ ಒಂದು ವಿಂಡೋಸ್ ಯಂತ್ರವನ್ನು ಉಳಿಸಿಕೊಂಡರಾಯಿತು. ಸ್ವತಂತ್ರ ತಂತ್ರಾಂಶ ಮಡಿ-ಮೈಲಿಗೆಯ ವ್ರತವಲ್ಲ.

ವಿಂಡೋಸ್ ಇದ್ದಂತೆಯೇ ಅದರ ಮೇಲೆ ಫೈರ್‌ಫಾಕ್ಸ್, ಥಂಡರ್‌ಬರ್ಡ್, ಲಿಬ್ರೆ ಆಫೀಸ್ ಸ್ಥಾಪಿಸಿ ಸಿಬ್ಬಂದಿಯ ಕೈ ಪಳಗಿಸಬಹುದು. ಹೊಸ ದಾಖಲೆಗಳನ್ನು ಓಡಿಎಫ್ ರೂಪದಲ್ಲಿ, ಕನ್ನಡವನ್ನು ಯೂನಿಕೋಡ್‌ನಲ್ಲಿ ಉಳಿಸುವುದನ್ನು ಕಡ್ಡಾಯ ಮಾಡಬಹುದು. ಇದಕ್ಕೆ ಪೈಸೆಯ ಖರ್ಚಿಲ್ಲ, ಹಿಂದಿರುಗಲಾಗದ ಹೆಜ್ಜೆಯೂ ಅಲ್ಲ. ಲೆಕ್ಕಪತ್ರವನ್ನು ಬದಲಾಯಿಸುವುದಾದರೆ ಏಪ್ರಿಲ್‌ನಿಂದ, ಆರ್ಥಿಕ ವರ್ಷದ ಆರಂಭದಲ್ಲಿ. ಮೊದಲ ಒಂದೆರಡು ತಿಂಗಳು ಎರಡೂ ಕಡೆ ನಮೂದಿಸುವ ಬೇಸರವನ್ನು ಸಹಿಸಲೇಬೇಕು. ಪರವಾನಗಿಯಲ್ಲಿ ಉಳಿದ ಹಣದ ಒಂದು ಪಾಲನ್ನು ತರಬೇತಿಗೂ ವಾರ್ಷಿಕ ನಿರ್ವಹಣೆಗೂ ತೆಗೆದಿಡದ ಕಂಪನಿ ಆರು ತಿಂಗಳಲ್ಲಿ ಹಳೆಯದಕ್ಕೇ ಮರಳುವ ಸಂಭವ ಹೆಚ್ಚು. ಇನ್ನೊಂದು ಮಾತು: ಸ್ವತಂತ್ರ ತಂತ್ರಾಂಶವನ್ನು ಇನ್ನೊಬ್ಬರ ಸರ್ವರ್‌ನಲ್ಲಿ ಬಾಡಿಗೆಗೆ ಪಡೆದರೂ ಬ್ಯಾಕಪ್ ಪ್ರತಿ ನಿಯಮಿತವಾಗಿ ನಿಮ್ಮ ಕಚೇರಿಗೆ ಬಂದು ಸೇರುವಂತಿರಬೇಕು, ಅದು ತೆರೆಯುತ್ತದೆಯೇ ಎಂದು ಆಗಾಗ ಪರೀಕ್ಷಿಸಬೇಕು. ನಯಾರಾ ಕಂಪನಿಗೆ ಬಂದಂಥ ದಿನ ಬಂದರೆ ಕೈಹಿಡಿಯುವುದು ಆ ಪ್ರತಿಯೇ.

ಪ್ರಯೋಗಕ್ಕೆ ಗಣಕಯಂತ್ರ ಹುಡುಕುವ ಕಷ್ಟವನ್ನು ಮೈಕ್ರೋಸಾಫ್ಟ್ ತಾನೇ ತಪ್ಪಿಸಿದೆ. ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆಫೀಸ್ 2016 ಮತ್ತು 2019ರದ್ದೂ ಅಂದೇ. ಟಿಪಿಎಂ 2.0 ಮುಂತಾದ ಯಂತ್ರಾಂಶದ ಷರತ್ತುಗಳಿಂದಾಗಿ ಕೆಲಸಕ್ಕೆ ಯೋಗ್ಯವಾದ ಎಷ್ಟೋ ಗಣಕಯಂತ್ರಗಳು ವಿಂಡೋಸ್ 11ಕ್ಕೆ ಅಧಿಕೃತವಾಗಿ ಅರ್ಹವಲ್ಲ. ಸಂಸ್ಥೆಗಳು ವಿಸ್ತರಿತ ಭದ್ರತಾ ಬೆಂಬಲ ಪಡೆಯಲು ಮೊದಲ ವರ್ಷ ಪ್ರತಿ ಯಂತ್ರಕ್ಕೆ 61 ಡಾಲರ್ ಎಂದು ಕಂಪನಿ ದರ ನಿಗದಿಪಡಿಸಿತು. ಅದು ಪ್ರತಿ ವರ್ಷ ದುಪ್ಪಟ್ಟಾಗುತ್ತದೆ, ಮೂರು ವರ್ಷಕ್ಕೆ ಕೊನೆಗೊಳ್ಳುತ್ತದೆ. ಅಂಥ ಒಂದು ಯಂತ್ರಕ್ಕೆ 2024ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ ಉಬುಂಟು 24.04 ಹಾಕಿದರೆ 2029ರವರೆಗೆ ಭದ್ರತಾ ಪರಿಷ್ಕರಣೆಗಳು ಶುಲ್ಕವಿಲ್ಲದೆ ಬರುತ್ತವೆ. ಅದನ್ನು ಯುಎಸ್‌ಬಿ ಕಡ್ಡಿಯಿಂದಲೇ ಚಾಲೂ ಮಾಡಿ, ಹಾರ್ಡ್ ಡಿಸ್ಕ್ ಮುಟ್ಟದೆ, ಪ್ರಿಂಟರ್, ಸ್ಕ್ಯಾನರ್, ಬಾರ್‌ಕೋಡ್ ಓದುವ ಯಂತ್ರ ಇವೆಲ್ಲ ಕೆಲಸ ಮಾಡುತ್ತವೆಯೇ ಎಂದು ಒಂದು ಭಾನುವಾರ ನೋಡಿಬಿಡಬಹುದು.